ಮಿದುಳಿನ ಒಳಗಾವಲು

(ಬಾನುಲಿ ಭಾಷಣ)

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹೊರ್ತಿಯನ್ನು ದಾಟಿ ಮುಂದೆ ಸಾಗಿದರೆ ಝಳಕಿ ಬರುತ್ತದೆ. ಪೂರ್ವಕ್ಕೆ ಇಂಡಿಯ ದಾರಿ, ಪಶ್ಚಿಮಕ್ಕೆ ಚಡಚಣದ ದಾರಿ. ನಟ್ಟನಡುವೆ ಹಗಲಿರುಳೆನ್ನದೆ ಲಾರಿಗಳ ಓಟ. ಕಬ್ಬು ಕಡಿಯುವ ದಿನಗಳಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಕತ್ತಲಲ್ಲಿ ಗುಡ್ಡ ಚಲಿಸಿದಂತೆ ಹೊರಟಿರುತ್ತವೆ. ಅವುಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ಒಂದು ಮೋಟಾರ್ ಸೈಕಲ್ಲು. ಮುಂದೆ ಗಂಡ, ಹಿಂದೆ ಒಂದು ಮಗ್ಗುಲಾಗಿ ಕುಳಿತ ಹೆಂಡತಿ, ಇಬ್ಬರ ನಡುವೆ ಮಗು. ಮೂವರದೂ ಬರಿದಲೆ. ಈ ಚಿತ್ರ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದರಲ್ಲಿ ಭಯಪಡುವಂಥದು ಏನಾದರೂ ಇದೆಯೆಂದು ಅನ್ನಿಸುವುದೇ ಇಲ್ಲ.

ಈ ಸವಾರರು ಆಯತಪ್ಪಿ ಬಿದ್ದರೆಂದು ಭಾವಿಸೋಣ. ಗಂಡನ ತಲೆಗೂ ಹೆಂಡತಿಯ ತಲೆಗೂ ಸರಿಸಮನಾದ ಪೆಟ್ಟು ಬಿದ್ದಿದೆ ಎಂದುಕೊಳ್ಳೋಣ. ಈಗ ಒಂದು ಪ್ರಶ್ನೆ: ಎರಡು ಮಿದುಳುಗಳೂ ಆ ಪೆಟ್ಟನ್ನು ಒಂದೇ ರೀತಿಯಲ್ಲಿ ತಾಳಿಕೊಳ್ಳುತ್ತವೆಯೇ? ಹೆಣ್ಣಿನ ದೇಹವನ್ನು ಹೆಣ್ಣಾಗಿಯೂ ಗಂಡಿನ ದೇಹವನ್ನು ಗಂಡಾಗಿಯೂ ರೂಪಿಸುವ ರಸಗಳಿಗೆ, ಅಂದರೆ ಲಿಂಗ ಹಾರ್ಮೋನುಗಳಿಗೆ, ತಲೆಬುರುಡೆಯ ಒಳಗೂ ಏನಾದರೂ ಕೆಲಸವಿದೆಯೇ? ಮೊದಲ ನೋಟಕ್ಕೆ ಇದು ವಿಚಿತ್ರವೆನಿಸುವ ಪ್ರಶ್ನೆ. ಆದರೆ ಕಳೆದ ಅರ್ಧ ಶತಮಾನದಲ್ಲಿ ವಿಜ್ಞಾನ ಇದರ ಬೆನ್ನು ಹತ್ತಿ ಬಹುದೂರ ನಡೆದಿದೆ. ಆ ನಡಿಗೆಯಲ್ಲಿ ಆಶೆಯೂ ಉಂಟು, ಎಡವಿದ್ದೂ ಉಂಟು. ಕೊನೆಗೆ ನಮ್ಮ ಮನೆಯ ಹೆಣ್ಣುಮಕ್ಕಳ ಬಾಳಿಗೆ ನೇರವಾಗಿ ತಾಗುವ ಒಂದು ಎಚ್ಚರಿಕೆಯೂ ಉಂಟು.

ಮೊದಲು ಪೆಟ್ಟಿನ ವಿಚಾರ. ತಲೆ ನೆಲಕ್ಕೆ ಬಡಿದ ಕ್ಷಣದಲ್ಲಿ ಆಗುವ ಹಾನಿ ಒಂದು. ಮಿದುಳು ಬುರುಡೆಯ ಒಳಗೋಡೆಗೆ ಅಪ್ಪಳಿಸುತ್ತದೆ, ನರತಂತುಗಳು ಹರಿಯುತ್ತವೆ, ಸಣ್ಣ ರಕ್ತನಾಳಗಳು ಒಡೆಯುತ್ತವೆ. ಇದನ್ನು ಯಾವ ಔಷಧವೂ ಹಿಂದಕ್ಕೆ ತರಲಾರದು. ಆದರೆ ಹಾನಿ ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನ ಗಂಟೆಗಳಲ್ಲಿ, ದಿನಗಳಲ್ಲಿ ಎರಡನೆಯ ಹಾನಿಯೊಂದು ಸದ್ದಿಲ್ಲದೆ ಬೆಳೆಯುತ್ತದೆ. ಬಿದ್ದವನು ಎದ್ದು ಕುಳಿತು, ನೀರು ಕುಡಿದು, ಮಾತಾಡಿ, ಸ್ವಲ್ಪ ಹೊತ್ತಿನ ಮೇಲೆ ಎಚ್ಚರ ತಪ್ಪಿದ ಸಂಗತಿಗಳನ್ನು ನಾವು ಕೇಳಿದ್ದೇವಷ್ಟೆ. ಒಳಗೆ ರಕ್ತ ಸೋರಿ ಕೂಡಿಕೊಳ್ಳುವುದರಿಂದ ಹಾಗಾಗಬಹುದು. ಮಿದುಳೇ ಬಾತುಕೊಳ್ಳುವುದರಿಂದಲೂ ಆಗಬಹುದು.

ಈ ಎರಡನೆಯ ಹಾನಿಯ ಬಗೆ ಹೀಗೆ. ನರಕೋಶಗಳು ತಮ್ಮತಮ್ಮಲ್ಲಿ ಸುದ್ದಿ ಮುಟ್ಟಿಸಲು ಬಳಸುವ ಗ್ಲುಟಮೇಟ್ ಎಂಬ ರಾಸಾಯನಿಕ, ಗಾಯಗೊಂಡ ಕೋಶಗಳಿಂದ ತೂಬು ಕಿತ್ತ ಕಾಲುವೆಯಂತೆ ಹರಿದುಬರುತ್ತದೆ. ಹನಿಹನಿಯಾಗಿ ಬಂದರೆ ಬೆಳೆಗೆ ನೀರು. ಒಮ್ಮೆಲೇ ನುಗ್ಗಿದರೆ ಬೆಳೆಯೇ ಕೊಳೆಯುತ್ತದೆ. ಅತಿಯಾದ ಪ್ರಚೋದನೆಯಿಂದ ನೆರೆಯ ಕೋಶಗಳೊಳಗೆ ಕ್ಯಾಲ್ಸಿಯಂ ಮಿತಿಮೀರಿ ತುಂಬುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಸೋಲುತ್ತವೆ. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ಕಟ್ಟೆ ಬಿರುಕುಬಿಟ್ಟು ನೀರು ಒಳಸೇರುತ್ತದೆ. ಉರಿಯೂತ ಹಬ್ಬುತ್ತದೆ. ಸಾಯಬೇಕಾಗಿರದ ಕೋಶಗಳೂ ತಮ್ಮನ್ನು ತಾವೇ ಕೊಂದುಕೊಳ್ಳತೊಡಗುತ್ತವೆ. ದೇಹದ ಬೇರೆ ಭಾಗ ಬಾತರೆ ಚರ್ಮ ಹಿಗ್ಗಿ ಎಡೆಕೊಡುತ್ತದೆ. ಮಿದುಳಿಗೆ ಆ ಭಾಗ್ಯವಿಲ್ಲ. ಬಾಯಿ ಬಿಗಿದ ಗಡಿಗೆಯಲ್ಲಿ ಕಡಲೆ ನೆನೆಹಾಕಿದಂತೆ ಅದರ ಪಾಡು. ಕಾಳು ಉಬ್ಬುತ್ತದೆ, ಗಡಿಗೆ ಹಿಗ್ಗುವುದಿಲ್ಲ. ಒತ್ತಡ ಏರಿ ರಕ್ತಸಂಚಾರವೇ ತಡೆಯುತ್ತದೆ. ತಲೆಗೆ ಪೆಟ್ಟು ಬಿದ್ದವರಲ್ಲಿ ಅನೇಕರನ್ನು ಬಲಿ ತೆಗೆದುಕೊಳ್ಳುವುದು ಈ ಎರಡನೆಯ ಹಾನಿಯೇ. ಇದನ್ನು ತಡೆಯಲು ಸಮಯವಿದೆ. ಆದ್ದರಿಂದಲೇ ವೈದ್ಯವಿಜ್ಞಾನದ ಕಣ್ಣೆಲ್ಲ ಇದರ ಮೇಲೆ.

ಇನ್ನು ಹಾರ್ಮೋನುಗಳ ಕಡೆ ಬರೋಣ. 'ಹಾರ್ಮೋನು' ಎಂಬ ಹೆಸರನ್ನು 1905ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್. ನಿರ್ನಾಳ ಗ್ರಂಥಿಗಳಿಂದ ಹೊರಟು ರಕ್ತದ ಮೂಲಕ ದೂರದ ಅಂಗಗಳಿಗೆ ಆಜ್ಞೆ ಮುಟ್ಟಿಸುವ ದೂತರು ಇವು. ಅಂಡಾಶಯದಿಂದ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೆರೋನ್, ವೃಷಣದಿಂದ ಟೆಸ್ಟೊಸ್ಟೆರೋನ್ ಹೊರಡುತ್ತವೆ. ಮೂರಕ್ಕೂ ಮೂಲದ್ರವ್ಯ ಒಂದೇ. ನಾವು ಸದಾ ಬೈಯುವ ಕೊಲೆಸ್ಟರಾಲು. 1930ರ ಆಸುಪಾಸಿನಲ್ಲಿ ಇವುಗಳನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಮೇಲೆ ಬಹುಕಾಲ ಇವುಗಳ ಕೆಲಸವೆಲ್ಲ ಸಂತಾನಕ್ಕೆ ಸಂಬಂಧಿಸಿದ್ದೆಂದೇ ತಿಳಿಯಲಾಗಿತ್ತು. ಪ್ರೊಜೆಸ್ಟೆರೋನ್ ಎಂಬ ಹೆಸರಿನಲ್ಲಿಯೇ ಗರ್ಭವನ್ನು ಕಾಪಾಡುವುದೆಂಬ ಅರ್ಥವಿದೆ.

ಅದು ಮಿದುಳನ್ನೂ ಕಾಪಾಡಬಹುದೆಂಬ ಸಂಶಯ ಹುಟ್ಟಿದ್ದು ಇಲಿಗಳಿಂದ. ಅಮೆರಿಕದ ಡೊನಾಲ್ಡ್ ಸ್ಟೈನ್ ಎಂಬ ವಿಜ್ಞಾನಿ ಮಿದುಳಿಗೆ ಗಾಯವಾದ ಇಲಿಗಳನ್ನು ಅಭ್ಯಾಸ ಮಾಡುತ್ತಿದ್ದಾಗ, ಕೆಲವು ಹೆಣ್ಣಿಲಿಗಳು ಗಂಡಿಲಿಗಳಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುವುದನ್ನು ಗಮನಿಸಿದ. ಇಂಥ ವ್ಯತ್ಯಾಸವನ್ನು 'ಅಡ್ಡಿ' ಎಂದು ಬದಿಗೊತ್ತುವುದೇ ಆ ಕಾಲದ ವಾಡಿಕೆ. ಹೆಣ್ಣು ಪ್ರಾಣಿಯ ದೇಹದಲ್ಲಿ ಋತುಚಕ್ರದ ಏರಿಳಿತವಿದೆ, ಲೆಕ್ಕ ತಪ್ಪುತ್ತದೆ ಎಂದು ಪ್ರಯೋಗಶಾಲೆಗಳು ಬಹುಮಟ್ಟಿಗೆ ಗಂಡು ಪ್ರಾಣಿಗಳನ್ನೇ ಬಳಸುತ್ತಿದ್ದವು. ಆ ಏರಿಳಿತದಲ್ಲಿಯೇ ಉತ್ತರ ಅಡಗಿದೆಯೆಂದು ಯೋಚಿಸಿದವರು ವಿರಳ.

ಇಲ್ಲಿ ನನಗೆ ಝಳಕಿಗೆ ಸಮೀಪದ ಹಲಸಂಗಿ ನೆನಪಾಗುತ್ತದೆ. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿಕೊಳ್ಳುತ್ತಿದ್ದ ತ್ರಿಪದಿಗಳಿಗೆ ಸಾಹಿತ್ಯದ ಪಂಕ್ತಿಯಲ್ಲಿ ಎಡೆಯಿರಲಿಲ್ಲ. ಮಧುರಚೆನ್ನರೂ ಅವರ ಗೆಳೆಯರೂ ಕಿವಿಗೊಟ್ಟು ಕೇಳಿ, ಬರೆದುಕೊಂಡು, 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚುಮಾಡಿಸಿದ ಮೇಲೆ ಕನ್ನಡಕ್ಕೆ ತನ್ನದೇ ಒಂದು ದೊಡ್ಡ ಸಿರಿ ಕಾಣಿಸಿತು. ವಿಜ್ಞಾನದಲ್ಲಿಯೂ ಅಂಥದೇ ಕಿವುಡು ಇತ್ತು. ಅದು ಕಳೆಯಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ತಾನು ಹಣ ಕೊಡುವ ಪ್ರಾಣಿಪ್ರಯೋಗಗಳಲ್ಲಿ ಹೆಣ್ಣು ಗಂಡು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ನಿಯಮ ಮಾಡಿದ್ದು 2016ರಷ್ಟು ಈಚೆಗೆ.

1993ರಲ್ಲಿ ಸ್ಟೈನ್ ಮತ್ತು ಸಂಗಡಿಗರು ಒಂದು ಸ್ಪಷ್ಟವಾದ ಪ್ರಯೋಗವನ್ನು ಪ್ರಕಟಿಸಿದರು. ಗಂಡಿಲಿಗಳು, ಸಾಮಾನ್ಯ ಋತುಚಕ್ರದ ಹೆಣ್ಣಿಲಿಗಳು, ಹುಸಿಬಸುರಿನ ಹೆಣ್ಣಿಲಿಗಳು ಎಂದು ಮೂರು ಗುಂಪು. ಹುಸಿಬಸುರೆಂದರೆ ಗರ್ಭ ನಿಲ್ಲದಿದ್ದರೂ ನಿಂತಿದೆಯೆಂದು ದೇಹ ಭ್ರಮಿಸುವ ಸ್ಥಿತಿ. ಆಗ ರಕ್ತದಲ್ಲಿ ಪ್ರೊಜೆಸ್ಟೆರೋನ್ ಏರಿರುತ್ತದೆ. ಮೂರು ಗುಂಪಿಗೂ ಒಂದೇ ಬಗೆಯ ಗಾಯ. ಗಂಡಿಲಿಗಳ ಮಿದುಳು ಹೆಚ್ಚು ಬಾತಿತ್ತು, ಹೆಣ್ಣಿಲಿಗಳದು ಕಡಿಮೆ, ಹುಸಿಬಸುರಿನ ಇಲಿಗಳಲ್ಲಿ ಬಾವು ಇಲ್ಲವೆನ್ನುವಷ್ಟು ಅಲ್ಪ. ಪ್ರೊಜೆಸ್ಟೆರೋನನ್ನು ಹೊರಗಿನಿಂದ ಕೊಟ್ಟಾಗ ಗಂಡಿಲಿಗಳಲ್ಲಿಯೂ ಬಾವು ಇಳಿಯಿತು. ಕಾವಲಿನ ಗುಣ ಇರುವುದು ಹೆಣ್ಣುತನದಲ್ಲಿ ಅಲ್ಲ, ಆ ರಸದಲ್ಲಿ ಎಂದಾಯಿತು.

ಈ ರಸ ಮಾಡುವುದಾದರೂ ಏನು? ಎರಡನೆಯ ಹಾನಿಯ ಒಂದು ಬಾಗಿಲಿನಲ್ಲಲ್ಲ, ಹಲವು ಬಾಗಿಲುಗಳಲ್ಲಿ ಅದು ಕಾವಲು ನಿಲ್ಲುತ್ತದೆ. ಪ್ರೊಜೆಸ್ಟೆರೋನಿನಿಂದ ಮಿದುಳಿನಲ್ಲಿಯೇ ಅಲೊಪ್ರೆಗ್ನನೊಲೋನ್ ಎಂಬ ಇನ್ನೊಂದು ದ್ರವ್ಯ ತಯಾರಾಗುತ್ತದೆ. ಅದು ನರಕೋಶಗಳನ್ನು ಶಾಂತಗೊಳಿಸುವ 'ಗಾಬಾ' ವ್ಯವಸ್ಥೆಯ ಕೈಯನ್ನು ಬಲಪಡಿಸಿ ಗ್ಲುಟಮೇಟಿನ ಹುಚ್ಚುಹೊಳೆಗೆ ಎದುರಾಗುತ್ತದೆ. ಉರಿಯೂತವನ್ನು ಹೊತ್ತಿಸುವ ಅಣುಗಳನ್ನು ಪ್ರೊಜೆಸ್ಟೆರೋನ್ ತಗ್ಗಿಸುತ್ತದೆ, ರಕ್ತಕ್ಕೂ ಮಿದುಳಿಗೂ ನಡುವಿನ ಕಟ್ಟೆಯನ್ನು ಭದ್ರಪಡಿಸುತ್ತದೆ, ನರತಂತುಗಳಿಗೆ ಹೊದಿಕೆಯಾದ ಮೈಲಿನ್ ಮತ್ತೆ ಕಟ್ಟಿಕೊಳ್ಳಲು ನೆರವಾಗುತ್ತದೆ. ಈಸ್ಟ್ರೊಜೆನ್‌ನ ದಾರಿ ತುಸು ಬೇರೆ. ಅದು ಕೋಶಗಳ ಆತ್ಮಹತ್ಯೆಯನ್ನು ತಡೆಯುವ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ, ಮೈಟೊಕಾಂಡ್ರಿಯಗಳಿಗೆ ಆಸರೆಯಾಗುತ್ತದೆ, ರಕ್ತನಾಳಗಳನ್ನು ಸಡಿಲಿಸಿ ರಕ್ತ ಹರಿಯುವಂತೆ ಮಾಡುತ್ತದೆ. ಅಂಡಾಶಯ ತೆಗೆದ ಇಲಿಗಳಲ್ಲಿ ಲಕ್ವ ಹೊಡೆಯುವಂತೆ ಮಾಡಿದಾಗ, ಮೊದಲೇ ಅಲ್ಪ ಪ್ರಮಾಣದ ಈಸ್ಟ್ರೊಜೆನ್ ದೊರೆತಿದ್ದವುಗಳ ಮಿದುಳು ಕಡಿಮೆ ಹಾಳಾದುದನ್ನು ಅಮೆರಿಕದ ಫಿಲಿಸ್ ವೈಸ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು.

ಇದಕ್ಕಿಂತಲೂ ಬೆರಗಿನ ಸಂಗತಿಯೆಂದರೆ, ಈ ರಸಗಳಿಗಾಗಿ ಮಿದುಳು ಅಂಡಾಶಯ ವೃಷಣಗಳನ್ನೇ ಪೂರ್ತಿ ನೆಚ್ಚಿ ಕುಳಿತಿಲ್ಲ. ಮಿದುಳು ತಾನೇ ಇವುಗಳನ್ನು ತಯಾರಿಸಿಕೊಳ್ಳಬಲ್ಲದೆಂದು ಕಂಡುಕೊಂಡ ಫ್ರಾನ್ಸಿನ ಎತಿಯೆನ್ ಬೋಲ್ಯೂ 1981ರಲ್ಲಿ ಅವಕ್ಕೆ 'ನರಸ್ಟಿರಾಯ್ಡು'ಗಳೆಂಬ ಅರ್ಥದ ಹೆಸರಿಟ್ಟ. ಟೆಸ್ಟೊಸ್ಟೆರೋನನ್ನು ಈಸ್ಟ್ರೊಜೆನ್ ಆಗಿ ಮಾರ್ಪಡಿಸುವ ಅರೊಮಟೇಸ್ ಎಂಬ ಕಿಣ್ವವಿದೆ. ಜೀಬ್ರಾ ಫಿಂಚ್ ಎಂಬ ಪುಟ್ಟ ಹಾಡುಹಕ್ಕಿಯ ಮಿದುಳಿಗೆ ಗಾಯವಾದರೆ, ಗಾಯದ ಸುತ್ತಲಿನ ಆಸರೆಕೋಶಗಳು ಕೂಡಲೇ ಈ ಕಿಣ್ವವನ್ನು ತಯಾರಿಸತೊಡಗುತ್ತವೆ. ಕಿಣ್ವದ ಕೆಲಸವನ್ನು ತಡೆದರೆ ಗಾಯ ಇನ್ನೂ ಹರಡುತ್ತದೆ. ಇಲಿಗಳಲ್ಲಿಯೂ ಇಂಥದೇ ಏರ್ಪಾಡನ್ನು ಕಂಡಿದ್ದಾರೆ. ಗಾಯವಾದ ಜಾಗದಲ್ಲಿಯೇ ಮದ್ದು ಅರೆಯುವ ಏರ್ಪಾಡು ಇದು! ಗಂಡಿನ ಮಿದುಳೂ ಸಂಕಟದಲ್ಲಿ ತನ್ನ ಗಂಡುರಸವನ್ನು ಹೆಣ್ಣುರಸವಾಗಿ ಮಾರ್ಪಡಿಸಿಕೊಳ್ಳಬಲ್ಲದು. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಶಿಲ್ಪಿಗಳು ಕಡೆದ ಅರ್ಧನಾರೀಶ್ವರನನ್ನು ನೋಡಿದವರಿಗೆ ಈ ಮಾತು ತೀರ ಹೊಸದೆನಿಸಲಾರದು. ಹೆಣ್ಣುರಸ ಗಂಡುರಸ ಎಂದು ನಾವು ಎಳೆದ ಗೆರೆಯನ್ನು ದೇಹ ಅಷ್ಟಾಗಿ ಮಾನ್ಯ ಮಾಡುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಪ್ರೊಜೆಸ್ಟೆರೋನನ್ನು ಮನುಷ್ಯರಿಗೆ ಕೊಟ್ಟು ನೋಡುವ ಹಂಬಲ ಸಹಜ. ಅಟ್ಲಾಂಟಾದಲ್ಲಿ ತಲೆಗೆ ಪೆಟ್ಟಾದ 100 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2007ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ಸತ್ತವರು ನೂರಕ್ಕೆ 13ರಷ್ಟು, ಪಡೆಯದವರಲ್ಲಿ 30ರಷ್ಟು. ಮರುವರ್ಷ ಚೀನಾದ ಹಾಂಗ್‌ಝೌನಲ್ಲಿ 159 ರೋಗಿಗಳ ಪರೀಕ್ಷೆಯೂ ಇದೇ ದಿಕ್ಕನ್ನು ತೋರಿಸಿತು. ಈ ಔಷಧ ಅಗ್ಗ, ಮನೆಮನೆಗೆ ಪರಿಚಿತ, ಗರ್ಭಿಣಿಯರಿಗೆ ವರ್ಷಗಳಿಂದ ಕೊಡುತ್ತ ಬಂದದ್ದು. ಝಳಕಿಯಂಥ ನಾಲ್ಕುದಾರಿಯಲ್ಲಿ ಬಿದ್ದವನನ್ನು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಒಯ್ಯುವ ಮೊದಲೇ ಒಂದು ಸೂಜಿ ಚುಚ್ಚಿ ಮಿದುಳನ್ನು ಉಳಿಸಬಹುದಾದರೆ ಅದಕ್ಕಿಂತ ದೊಡ್ಡ ವರ ಯಾವುದು?

ಆದರೆ 2014ರ ಡಿಸೆಂಬರಿನಲ್ಲಿ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ ಒಟ್ಟಿಗೆ ಹೊರಬಿತ್ತು. ಅಮೆರಿಕದ 'ಪ್ರೊಟೆಕ್ಟ್' ಪರೀಕ್ಷೆಯಲ್ಲಿ, ಗಾಯವಾದ ನಾಲ್ಕು ಗಂಟೆಯೊಳಗೆ ಔಷಧ ಆರಂಭಿಸಿದ 882 ರೋಗಿಗಳನ್ನು ನೋಡುವಷ್ಟರಲ್ಲಿಯೇ, ಮುಂದುವರಿಸಿ ಫಲವಿಲ್ಲವೆಂದು ನಿಲ್ಲಿಸಬೇಕಾಯಿತು. ಚೆನ್ನಾಗಿ ಚೇತರಿಸಿಕೊಂಡವರು ಔಷಧ ಪಡೆದವರಲ್ಲಿ ನೂರಕ್ಕೆ 51, ಪಡೆಯದವರಲ್ಲಿ 55ರಷ್ಟು. ಹಲವು ದೇಶಗಳ 1,195 ರೋಗಿಗಳ 'ಸಿನ್ಯಾಪ್ಸ್' ಪರೀಕ್ಷೆಯಲ್ಲಿ ಎರಡು ಗುಂಪುಗಳಿಗೂ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ. ಹತ್ತಾರು ವರ್ಷಗಳ ಆಶೆ ಒಂದೇ ದಿನದಲ್ಲಿ ಕುಸಿಯಿತು.

ಏಕೆ ಹೀಗಾಯಿತು? ಇಲಿಗಳ ಗಾಯವನ್ನು ಪ್ರಯೋಗಶಾಲೆಯಲ್ಲಿ ಅಳೆದು ಮಾಡುತ್ತಾರೆ. ಎಲ್ಲವೂ ಒಂದೇ ವಯಸ್ಸು, ಒಂದೇ ತಳಿ. ಮನುಷ್ಯನ ಗಾಯ ಹಾಗಲ್ಲ. ಒಬ್ಬನಿಗೆ ರಕ್ತಸ್ರಾವ, ಒಬ್ಬನಿಗೆ ನರತಂತುಗಳ ಹರಿತ, ಒಬ್ಬನಿಗೆ ಎಲುಬು ಮುರಿದು ರಕ್ತದೊತ್ತಡವೂ ಇಳಿದಿದೆ. ಒಬ್ಬ ಇಪ್ಪತ್ತರ ಹುಡುಗ, ಇನ್ನೊಬ್ಬ ಅರವತ್ತರ ಮುದುಕ. ಔಷಧದ ಪ್ರಮಾಣ ಹೆಚ್ಚಾಯಿತೆಂದು ಕೆಲವರ ವಾದ. ಚೇತರಿಕೆಯನ್ನು ಅಳೆಯುವ ಕೋಲೇ ಒರಟೆಂದು ಇನ್ನು ಕೆಲವರದು. ತಲೆಗೆ ಪೆಟ್ಟಾದ ಹೆಂಗಸರು ಗಂಡಸರಿಗಿಂತ ಚೆನ್ನಾಗಿ ಗುಣಮುಖರಾಗುತ್ತಾರೆಯೇ ಎಂಬ ವಿಷಯದಲ್ಲಿಯೂ ಆಸ್ಪತ್ರೆಗಳ ಅಧ್ಯಯನಗಳು ಒಂದೇ ಮಾತನ್ನು ಹೇಳುವುದಿಲ್ಲ. ವಾದಗಳು ಏನೇ ಇರಲಿ, ನಾವು ನೆನಪಿಡಬೇಕಾದ ಮಾತು ಇಷ್ಟು: ತಲೆಯ ಪೆಟ್ಟಿಗೆ ಪ್ರೊಜೆಸ್ಟೆರೋನ್ ಇಂದು ಸಿದ್ಧವಾದ ಚಿಕಿತ್ಸೆಯಲ್ಲ. ಸುಂದರವಾದ ಊಹೆಯೊಂದು ಕಠಿಣ ಪರೀಕ್ಷೆಯಲ್ಲಿ ಸೋತಾಗ ಅದನ್ನು ಮುಚ್ಚಿಡದೆ ಹೇಳುವುದೇ ವಿಜ್ಞಾನದ ಶೀಲ.

ಈಸ್ಟ್ರೊಜೆನ್‌ನ ಕಥೆಯಲ್ಲಿಯೂ ಇಂಥ ತಿರುವಿದೆ. ಮುಟ್ಟು ನಿಲ್ಲುವವರೆಗೆ ಹೆಂಗಸರಲ್ಲಿ ಲಕ್ವ ಅದೇ ವಯಸ್ಸಿನ ಗಂಡಸರಿಗಿಂತ ಸಾಮಾನ್ಯವಾಗಿ ಕಡಿಮೆ. ಆಮೇಲೆ ಆ ಅಂತರ ಕಿರಿದಾಗುತ್ತದೆ. ಹಾಗಾದರೆ ಮುಟ್ಟು ನಿಂತವರಿಗೆಲ್ಲ ಹಾರ್ಮೋನು ಕೊಟ್ಟರೆ ಆಯಿತಲ್ಲ ಎಂದು ವೈದ್ಯಲೋಕ ಯೋಚಿಸಿತು. ಅಮೆರಿಕದಲ್ಲಿ 16,608 ಹೆಂಗಸರಿಗೆ ಎರಡೂ ಹಾರ್ಮೋನುಗಳನ್ನು ಕೊಟ್ಟು, ಕೊಡದೆ ಹೋಲಿಸಿದ ಬೃಹತ್ ಪರೀಕ್ಷೆಯನ್ನು 2002ರಲ್ಲಿ ನಡುವಿನಲ್ಲಿಯೇ ನಿಲ್ಲಿಸಿದರು. ಲಕ್ವ ತಗ್ಗುವ ಬದಲು ಹೆಚ್ಚಾಗಿತ್ತು. ಸ್ತನದ ಕ್ಯಾನ್ಸರೂ ಹೆಚ್ಚಿತ್ತು. ಅರವತ್ತೈದು ದಾಟಿದವರಲ್ಲಿ ಮರೆವಿನ ರೋಗವೂ ಏರಿತೆಂದು ಮರುವರ್ಷ ತಿಳಿದುಬಂತು. ಆ ಪರೀಕ್ಷೆಗೆ ಸೇರಿದ ಹೆಂಗಸರಲ್ಲಿ ಬಹುಮಂದಿಗೆ ಮುಟ್ಟು ನಿಂತು ಎಷ್ಟೋ ವರ್ಷಗಳಾಗಿದ್ದವು. ಸಸಿಗೆ ಸಕಾಲದಲ್ಲಿ ಬಿದ್ದ ನೀರು ಬೇರು ಹಿಡಿಸುತ್ತದೆ. ಒಣಗಿದ ಗಿಡಕ್ಕೆ ಸುರಿದ ನೀರು ಬುಡವನ್ನೇ ಕೊಳೆಸಬಹುದು. ಹಾರ್ಮೋನಿಗೂ ತಕ್ಕ ಕಾಲವೊಂದು ಇದೆಯೆಂಬ ವಿಚಾರ ಈಗ ಬಲಗೊಂಡಿದೆ. ಆದ್ದರಿಂದ ಈ ಭಾಷಣ ಕೇಳಿ ಯಾರೂ ಅಂಗಡಿಗೆ ಹೋಗಿ ಹಾರ್ಮೋನಿನ ಗುಳಿಗೆ ಕೊಳ್ಳತಕ್ಕದ್ದಲ್ಲ.

ಹೊರಗಿನಿಂದ ತಂದು ತುಂಬಿಸುವುದು ಇಷ್ಟು ಕಷ್ಟವಾದರೆ, ದೇಹ ತಾನೇ ಕೊಡುತ್ತಿರುವುದನ್ನು ಕಾರಣವಿಲ್ಲದೆ ಕಿತ್ತೆಸೆಯುವುದು ಎಂಥ ಅವಿವೇಕ! ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ಬಂದೆ. ನಮ್ಮ ಕಡೆಯ ಹಳ್ಳಿಗಳಲ್ಲಿ 'ಗರ್ಭಚೀಲ ತೆಗೆಸಿದ್ದಾರೆ' ಎಂಬ ಮಾತು ಹಲ್ಲು ಕೀಳಿಸಿದಷ್ಟು ಹಗುರವಾಗಿ ಕೇಳಿಬರುತ್ತದೆ. ಬಿಳಿಸೆರಗು, ಹೊಟ್ಟೆನೋವು, ಹೆಚ್ಚಿನ ಮುಟ್ಟು ಎಂದು ಹೋದ ಮೂವತ್ತರ ಹೆಣ್ಣುಮಗಳಿಗೆ, ಮಕ್ಕಳಾಗಿವೆಯಲ್ಲ, ಇನ್ನೇಕೆ ಅದು, ಇಟ್ಟುಕೊಂಡರೆ ಕ್ಯಾನ್ಸರ್ ಆದೀತು ಎಂದು ಹೆದರಿಸುವವರಿದ್ದಾರೆ. ನೆರೆಯ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳಿಗೆ ಅಗತ್ಯವಿಲ್ಲದೆ ಹೀಗೆ ಗರ್ಭಕೋಶ ತೆಗೆದ ದೂರುಗಳು 2015ರ ಸುಮಾರಿಗೆ ಎದ್ದು, ಸರಕಾರ ತನಿಖೆ ನಡೆಸಬೇಕಾಯಿತು. ಕಬ್ಬು ಕಡಿಯಲು ಹೋಗುವ ಮಹಾರಾಷ್ಟ್ರದ ಬೀಡ ಜಿಲ್ಲೆಯ ಹೆಂಗಸರ ಇಂಥದೇ ಪಾಡು 2019ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಮುಟ್ಟಿನ ದಿನ ಕೂಲಿ ತಪ್ಪಬಾರದೆಂಬುದೂ ಅದಕ್ಕೊಂದು ಕಾರಣವಾಗಿತ್ತು. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಅನವಶ್ಯಕ ಗರ್ಭಕೋಶ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ಎಲ್ಲ ರಾಜ್ಯಗಳಿಗೂ ಹೇಳಿತು.

ಗರ್ಭಕೋಶ ಬೇರೆ, ಅಂಡಾಶಯ ಬೇರೆ. ಹಾರ್ಮೋನು ಬರುವುದು ಅಂಡಾಶಯದಿಂದ. ಗರ್ಭಕೋಶವನ್ನಷ್ಟೇ ತೆಗೆದರೆ ಹಾರ್ಮೋನು ಒಮ್ಮೆಲೇ ನಿಲ್ಲುವುದಿಲ್ಲ. ಅಂಡಾಶಯ ಕೆಲವರಲ್ಲಿ ತುಸು ಬೇಗ ದಣಿಯಬಹುದು, ಅಷ್ಟೆ. ಆದರೆ ಎರಡೂ ಅಂಡಾಶಯಗಳನ್ನು ಜೊತೆಗೆ ತೆಗೆದರೆ, ಹತ್ತು ಹದಿನೈದು ವರ್ಷ ನಿಧಾನವಾಗಿ ಇಳಿಯಬೇಕಾಗಿದ್ದ ಹೊಳೆ ಒಂದೇ ದಿನಕ್ಕೆ ಬತ್ತುತ್ತದೆ. ಮುಟ್ಟು ನಿಲ್ಲುವ ಮೊದಲೇ ಅಂಡಾಶಯ ಕಳೆದುಕೊಂಡವರಲ್ಲಿ ಮುಪ್ಪಿನ ಮರೆವು, ಬುದ್ಧಿಮಾಂದ್ಯ ಹೆಚ್ಚೆಂದೂ, ಎಷ್ಟು ಎಳೆಯ ವಯಸ್ಸಿನಲ್ಲಿ ತೆಗೆದರೆ ಅಪಾಯ ಅಷ್ಟು ಹೆಚ್ಚೆಂದೂ ಅಮೆರಿಕದ ಮೇಯೊ ಕ್ಲಿನಿಕ್ಕಿನ ವಾಲ್ಟರ್ ರೊಕ್ಕಾ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಈಸ್ಟ್ರೊಜೆನ್ ಪಡೆದವರಲ್ಲಿ ಈ ಹೆಚ್ಚಳ ಕಾಣಲಿಲ್ಲ. ಎಲುಬು, ಹೃದಯಗಳ ನಷ್ಟ ಬೇರೆಯೇ ಇದೆ. ಕ್ಯಾನ್ಸರಿನಂಥ ಕಾರಣವಿದ್ದರೆ ಶಸ್ತ್ರಕ್ರಿಯೆ ಪ್ರಾಣ ಉಳಿಸುತ್ತದೆ, ಅದನ್ನು ಬೇಡವೆನ್ನಲಾಗದು. ಆದರೆ ಒಪ್ಪಿಗೆಯ ಹೆಬ್ಬೆಟ್ಟು ಒತ್ತುವ ಮುನ್ನ ಕೇಳಬೇಕಾದ ಮೂರು ಪ್ರಶ್ನೆಗಳಿವೆ: ಇದಕ್ಕೆ ಬೇರೆ ಚಿಕಿತ್ಸೆ ಇಲ್ಲವೇ? ಅಂಡಾಶಯವನ್ನು ಉಳಿಸುತ್ತೀರೋ, ತೆಗೆಯುತ್ತೀರೋ? ತೆಗೆದರೆ ಮುಂದೆ ನನಗೆ ಹಾರ್ಮೋನು ಬೇಕೇ? ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಮೊದಲನೆಯವರಿಗೆ ಅವಮಾನವಲ್ಲ.

ತಲೆಯ ಪೆಟ್ಟಿಗೂ ಹಾರ್ಮೋನಿಗೂ ಇನ್ನೊಂದು ನಂಟಿದೆ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿ ತೂಗಾಡುತ್ತಿರುತ್ತದೆ. ಅಂಡಾಶಯ ವೃಷಣಗಳಿಗೆ ಅಪ್ಪಣೆ ಕೊಡುವುದು ಅದೇ. ಬಲವಾದ ಪೆಟ್ಟಿನಲ್ಲಿ ಅದಕ್ಕೂ ಏಟು ತಗಲಬಹುದು. ಗಾಯವೆಲ್ಲ ಮಾಯ್ದು ತಿಂಗಳುಗಳಾದರೂ ಆಯಾಸ ಬಿಡದಿದ್ದರೆ, ಹೆಣ್ಣಿಗೆ ಮುಟ್ಟು ನಿಂತರೆ, ಗಂಡಿಗೆ ಕಾಮಾಸಕ್ತಿ ಕುಗ್ಗಿದರೆ, ಮನಸ್ಸು ಮಂಕಾದರೆ, ಮನೆಯವರು ಅದನ್ನು ಮೈಗಳ್ಳತನವೆಂದೋ ಗಾಳಿಯೆಂದೋ ತಿಳಿಯದೆ ವೈದ್ಯರಿಗೆ ಹೇಳಬೇಕು. ರಕ್ತಪರೀಕ್ಷೆಯಿಂದ ಅದನ್ನು ಗುರುತಿಸಬಹುದು, ಚಿಕಿತ್ಸೆಯೂ ಇದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ಮತ್ತು ಸಂಗಡಿಗರು ತಲೆಯ ಪೆಟ್ಟುಗಳ ಬಗ್ಗೆ ವರ್ಷಗಟ್ಟಲೆ ನಡೆಸಿದ ಅಧ್ಯಯನಗಳು ತೋರಿಸುವ ನೋಟ ಒಂದೇ: ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು, ಬಹುಮಂದಿ ದ್ವಿಚಕ್ರ ವಾಹನದವರು, ಇಲ್ಲವೇ ಕಾಲ್ನಡಿಗೆಯವರು. ಜಗತ್ತಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೆಲ್ಮೆಟ್ಟು ಸಾವಿನ ಅಪಾಯವನ್ನು ನೂರಕ್ಕೆ 42ರಷ್ಟೂ ತಲೆಯ ಗಾಯದ ಅಪಾಯವನ್ನು 69ರಷ್ಟೂ ತಗ್ಗಿಸುವುದು ಕಂಡುಬಂದಿದೆ. ಹಾರ್ಮೋನಿನ ಯಾವ ದೊಡ್ಡ ಪರೀಕ್ಷೆಯೂ ಇಂಥ ಅಂಕಿಯನ್ನು ಇದುವರೆಗೆ ಕೊಟ್ಟಿಲ್ಲ. ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಕಡ್ಡಾಯವೆಂದು ಕರ್ನಾಟಕದಲ್ಲಿ 2016ರ ಜನವರಿಯಿಂದ ನಿಯಮವಿದೆ. ಆದರೆ ನಮ್ಮ ದಾರಿಗಳಲ್ಲಿ ಗಂಡನ ತಲೆಗೆ ಒಂದಿದ್ದರೆ ಅದೇ ಹೆಚ್ಚು. ಹೆಂಡತಿಯ ತಲೆಗೆ ಸೆರಗೇ ರಕ್ಷೆ.

ದೇಹದೊಳಗೆ ಕಾವಲುಗಾರನೊಬ್ಬನಿದ್ದಾನೆ. ಯಾವ ಸಂಬಳವನ್ನೂ ಬೇಡದೆ, ಯಾರ ಕಣ್ಣಿಗೂ ಬೀಳದೆ ಅವನು ಬೆಳಗಿನವರೆಗೂ ಎಚ್ಚರವಾಗಿರುತ್ತಾನೆ. ಅವನ ಗುಟ್ಟನ್ನು ವಿಜ್ಞಾನ ಇನ್ನೂ ಪೂರ್ತಿ ಒಲಿಸಿಕೊಂಡಿಲ್ಲ. ಒಲಿಸಿಕೊಳ್ಳುವ ದಿನ ಬಂದೀತು. ಅಲ್ಲಿಯವರೆಗೆ ನಮ್ಮ ಪಾಲಿನ ಕೆಲಸ ಎರಡು. ಹೊರಬಾಗಿಲಿಗೆ ಗಟ್ಟಿಯಾದ ಕದ ಹಾಕುವುದು ಒಂದು. ಒಳಗಿನ ಕಾವಲುಗಾರನನ್ನು ನಮ್ಮ ಕೈಯಾರೆ ಹೊರದೂಡದಿರುವುದು ಇನ್ನೊಂದು. ಇಂದು ಸಂಜೆ ಝಳಕಿಯ ದಾರಿಯಲ್ಲಿ ಹೋಗುವ ಆ ಮೂವರ ತಲೆಯ ಮೇಲೆ ಮೂರು ಹೆಲ್ಮೆಟ್ಟುಗಳಿದ್ದರೆ, ಆ ತಾಯಿ ತನ್ನ ದೇಹದ ಬಗ್ಗೆ ಒಂದು ಪ್ರಶ್ನೆ ಕೇಳುವ ಧೈರ್ಯ ಮಾಡಿದರೆ, ಈ ಮಾತುಗಳು ಗಾಳಿಯಲ್ಲಿ ತೇಲಿಹೋಗಲಿಲ್ಲವೆಂದು ತಿಳಿಯುತ್ತೇನೆ.